ನೌಕಾಪಡೆಯ ಎಂಜಿನಿಯರಿಂಗ್ ಸೇವೆ: ಟೆಂಡರ್ ಇಲ್ಲದೆ ಒಂದೇ ಕಂಪನಿಗೆ ಕೊಡಬಹುದೇ?

ಪ್ರಶ್ನೆ: ಮೆಷಿನ್ ಶಾಪ್ ಮಾಲೀಕ, ಹರಿಹರ

ಎಲ್ಲರಿಗೂ ನಮಸ್ಕಾರ. ನಮ್ಮದು ಪಂಪಿನ ಶಾಫ್ಟ್, ಬುಷ್, ಫ್ಲಾಂಜ್‌ಗಳನ್ನು ತಿರುವಿ ಕೊಡುವ ಸಣ್ಣ ಘಟಕ. ಯುದ್ಧನೌಕೆಗಳ ಯಂತ್ರಗಳ ದುರಸ್ತಿ ಮತ್ತು ತಾಂತ್ರಿಕ ನೆರವಿನ ಕೆಲಸ ಸ್ಪರ್ಧೆಯಿಲ್ಲದೆ ಮೂಲ ತಯಾರಕರಿಗೇ ಹೋಗುವುದನ್ನು ಗಮನಿಸುತ್ತಿದ್ದೇನೆ. ಸಾರ್ವಜನಿಕ ಹಣದ ಕೆಲಸವನ್ನು ಹೀಗೆ ಕೊಡಲು ನಿಯಮದಲ್ಲಿ ಅವಕಾಶವಿದೆಯೇ? ಕಾರವಾರದ ನೌಕಾನೆಲೆ ನಮ್ಮ ರಾಜ್ಯದಲ್ಲೇ ಇರುವಾಗ ನಮ್ಮಂಥವರಿಗೆ ದಾರಿ ಯಾವುದು?

ಉತ್ತರ: ನಿವೃತ್ತ ಲೆಕ್ಕಪತ್ರ ಅಧಿಕಾರಿ, ದಾವಣಗೆರೆ

ಅವಕಾಶವಿದೆ, ಆದರೆ ಅದು ಅಪವಾದವೇ ಹೊರತು ಪದ್ಧತಿಯಲ್ಲ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017ರ 166ನೇ ನಿಯಮದ ಪ್ರಕಾರ, ವಸ್ತುವನ್ನು ತಯಾರಿಸುವವರು ಒಬ್ಬರೇ ಇದ್ದಾಗ, ತುರ್ತು ಒದಗಿದಾಗ, ಅಥವಾ ಈಗಿರುವ ಯಂತ್ರಕ್ಕೆ ಹೊಂದುವ ಬಿಡಿಭಾಗವೇ ಬೇಕೆಂದು ತಜ್ಞರು ಸಲಹೆ ನೀಡಿ ಸಕ್ಷಮ ಪ್ರಾಧಿಕಾರ ಒಪ್ಪಿದಾಗ ಮಾತ್ರ ಏಕ ಟೆಂಡರ್ (ಒಂದೇ ಕಂಪನಿಯಿಂದ ದರ ಕೇಳುವುದು) ಕರೆಯಬಹುದು. ಸಮಾಲೋಚನಾ ಸೇವೆಗಳಿಗೆ 194ನೇ ನಿಯಮ ಪ್ರತ್ಯೇಕವಾಗಿದೆ. ನಮ್ಮ ರಾಜ್ಯದ ಇಲಾಖೆಗಳಲ್ಲಿ ಕೆಟಿಪಿಪಿ, ಅಂದರೆ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ ಕಾಯ್ದೆಯ 4(ಜಿ) ಟೆಂಡರ್ ವಿನಾಯಿತಿಯ ಮಾತು ಕೇಳಿದವರಿಗೆ ಇದರ ಸ್ವರೂಪ ಹೊಸದಲ್ಲ.

ನಾನು ಒತ್ತಿ ಹೇಳಬಯಸುವುದು ಪಿಎಸಿ, ಅಂದರೆ ಈ ವಸ್ತು ಈ ಕಂಪನಿಯದೇ ಆಗಬೇಕು ಎಂದು ಖರೀದಿಸುವವರು ಬರೆದುಕೊಡುವ ಪ್ರೊಪ್ರೈಟರಿ ಪ್ರಮಾಣಪತ್ರದ ಬಗ್ಗೆ. ಬೇರೆ ಯಾವ ಮೇಕ್ ಅಥವಾ ಮಾಡೆಲ್ ಏಕೆ ಆಗದು ಎಂಬುದಕ್ಕೆ ಅದರಲ್ಲಿ ಕಾರಣ ಬರೆಯಬೇಕು. ‘ಇವರೇ ಮೂಲ ತಯಾರಕರು’ ಎಂದಷ್ಟೇ ಬರೆದರೆ ಅದು ಕಾರಣವಾಗುವುದಿಲ್ಲ. ಕಡತ ಪರಿಶೀಲಿಸುವವರು ಮೊದಲು ಕೈಯಿಡಬೇಕಾದದ್ದು ಅಲ್ಲಿಗೇ.

ಉತ್ತರ: ಮೆಕ್ಯಾನಿಕಲ್ ಎಂಜಿನಿಯರ್, ಚಿತ್ರದುರ್ಗ

ಮೇಲಿನವರ ಮಾತು ಸರಿ, ಆದರೆ ಸಮಸ್ಯೆಯ ಬೇರು ಪ್ರಮಾಣಪತ್ರಕ್ಕಿಂತ ಹಿಂದಿದೆ. ಯಂತ್ರ ಕೊಳ್ಳುವ ದಿನ ಡ್ರಾಯಿಂಗ್, ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ), ಪರೀಕ್ಷಾ ವಿಧಾನಗಳ ಹಕ್ಕನ್ನೂ ಕೊಳ್ಳದಿದ್ದರೆ, ಮುಂದಿನ ಹಲವು ದಶಕ ಆ ತಯಾರಕರೇ ನಿಜವಾಗಿಯೂ ಏಕೈಕ ಮೂಲವಾಗಿ ಉಳಿಯುತ್ತಾರೆ. ಕೋಲ್ಕತ್ತಾ ಮತ್ತು ವಿಶಾಖಪಟ್ಟಣಂ ವರ್ಗದ ನಾಶಕ ನೌಕೆಗಳ ಗ್ಯಾಸ್ ಟರ್ಬೈನ್ ಉಕ್ರೇನಿನ ಜೋರ್ಯಾ-ಮಾಶ್‌ಪ್ರೋಯೆಕ್ಟ್ ಸಂಸ್ಥೆಯದು. 2022ರಲ್ಲಿ ಯುದ್ಧ ಶುರುವಾದಾಗ ಒಂದೇ ಮೂಲವನ್ನು ನೆಚ್ಚಿಕೊಳ್ಳುವುದರ ಅಪಾಯ ಕಣ್ಣಿಗೆ ಕಂಡಿತು. ಇನ್ನೊಂದೆಡೆ ವಿಮಾನವಾಹಕ ನೌಕೆ ವಿಕ್ರಾಂತದ ನಾಲ್ಕು ಎಲ್‌ಎಂ2500 ಟರ್ಬೈನ್‌ಗಳು ಅಮೆರಿಕದ ಜಿಇ ಕಂಪನಿಯ ವಿನ್ಯಾಸವಾದರೂ, ಜೋಡಣೆಯ ಪರಿಣತಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿದೆ.

ಅಮೆರಿಕದಲ್ಲಿ 1984ರ ಸ್ಪರ್ಧಾ ಕಾಯ್ದೆ ಏಕಮೂಲ ಗುತ್ತಿಗೆಗೆ ಲಿಖಿತ ಸಮರ್ಥನೆ ಕೇಳುತ್ತದೆ, ಮುಂಚಿತವಾಗಿ ಯೋಜಿಸದೇ ಇದ್ದದ್ದನ್ನು ಕಾರಣವಾಗಿ ಒಪ್ಪುವುದೂ ಇಲ್ಲ. ಈ ಒಂದು ಸಾಲು ನಮ್ಮ ನಿಯಮಗಳಲ್ಲೂ ಅಷ್ಟೇ ಸ್ಪಷ್ಟವಾಗಿ ಇರಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ಹಾಗಾದರೆ ಡ್ರಾಯಿಂಗ್ ಕೈಯಲ್ಲಿಲ್ಲದ ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೆಕ್ಯಾನಿಕಲ್ ಎಂಜಿನಿಯರ್, ಚಿತ್ರದುರ್ಗ

ಇಡೀ ಟರ್ಬೈನಿನ ಸೇವೆಯನ್ನು ಈಗಲೇ ಗುರಿಯಾಗಿಸಿಕೊಳ್ಳಬೇಡಿ. ರಕ್ಷಣಾ ಸಚಿವಾಲಯ 2020ರ ಆಗಸ್ಟಿನಲ್ಲಿ ಆರಂಭಿಸಿದ ಸೃಜನ್ ಪೋರ್ಟಲಿನಲ್ಲಿ ದೇಶೀಯವಾಗಿ ತಯಾರಾಗಬೇಕಾದ ಬಿಡಿಭಾಗಗಳ ಪಟ್ಟಿ ಇದೆ. ನಿಮ್ಮ ಲೇತಿಗೆ ಒಗ್ಗುವ ಬುಷ್, ಸ್ಲೀವ್‌ಗಳನ್ನು ಅದರಲ್ಲಿ ಹುಡುಕಿ ಆಸಕ್ತಿ ದಾಖಲಿಸಿ. ಲೋಹದ ಪರೀಕ್ಷಾ ವರದಿ, ಅಳತೆಯ ದಾಖಲೆಗಳನ್ನು ಈಗಿನಿಂದಲೇ ಕ್ರಮವಾಗಿ ಇಟ್ಟುಕೊಳ್ಳಿ. ಆ ಭಾಗವನ್ನು ಮಾಡಬಲ್ಲ ಎರಡನೆಯವರು ಇದ್ದಾರೆ ಎಂಬುದಕ್ಕೆ ಅವೇ ಸಾಕ್ಷಿ.