ರಾತ್ರಿಯೂ ಬಿಡದ ಕಾಲೇಜು ವಾಟ್ಸಾಪ್, ಏನು ಮಾಡ್ತೀರಿ?

ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ರಾತ್ರಿ ಊಟಕ್ಕೆ ಕೂತರೆ ಗ್ರೂಪಿನಲ್ಲಿ ಮೆಸೇಜು, ನ್ಯಾಕ್ (ಕಾಲೇಜುಗಳಿಗೆ ಗ್ರೇಡ್ ಕೊಡುವ ಸಂಸ್ಥೆ) ಫೈಲಿಗೆ ಫೋಟೋ, ಹಾಜರಿ ಪಟ್ಟಿ ಈಗಲೇ ಕಳಿಸಿ ಅಂತ. ಹಿಂದೆಯೇ ಮಕ್ಕಳದ್ದು, "ಸರ್, ಇಂಟರ್ನಲ್ಸ್ ಮಾರ್ಕ್ಸ್?" ನಾಳೆಯ ಪಾಠ ಓದಿಕೊಳ್ಳಲೂ ಪುರುಸೊತ್ತಿಲ್ಲ. ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ಉತ್ತರ 1: ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 40 ಗಂಟೆ ಕೆಲಸ, ಅದರಲ್ಲಿ 16 ಗಂಟೆ ಪಾಠ ಅಂತಿದೆ. ಮೊಬೈಲಿನಲ್ಲಿ ಕಳೆಯುವ ಹೊತ್ತು ಯಾವ ಲೆಕ್ಕಕ್ಕೂ ಬರಲ್ಲ, ಅಲ್ವಾ? ಇದು ಅನ್ಯಾಯ.

ಉತ್ತರ 2: ಸೆಮಿಸ್ಟರ್ ಶುರುವಲ್ಲೇ ಮಕ್ಕಳಿಗೆ ಹೇಳಿಬಿಡಿ ಸರ್, ಸಂಜೆ ಆರರ ಮೇಲೆ ಉತ್ತರ ಇಲ್ಲ, ಡೌಟಿದ್ದರೆ ಬೆಳಿಗ್ಗೆ ಸ್ಟಾಫ್ ರೂಮಿಗೆ ಬನ್ನಿ ಅಂತ. ಗ್ರೂಪ್ ಮ್ಯೂಟ್ ಮಾಡಿ. ನಿಜಕ್ಕೂ ತುರ್ತಿದ್ದರೆ ಫೋನೇ ಮಾಡ್ತಾರೆ.

ಉತ್ತರ 3: ನಾನು ಅತಿಥಿ ಉಪನ್ಯಾಸಕಿ. ಮುಂದಿನ ವರ್ಷ ತಗೋತಾರೋ ಇಲ್ವೋ ಅನ್ನೋ ಭಯ ಇರುವಾಗ ಮ್ಯೂಟ್ ಮಾಡೋದು ಹೇಗೆ? ಕಾಯಂ ಇರುವವರು ಮೊದಲು ದನಿ ಎತ್ತಿ, ದಯವಿಟ್ಟು.