ಕಾಲಿನ ‘ನರ’ ಉಬ್ಬಿದೆ: ಈ ನರಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ವೆರಿಕೋಸ್ ವೇನ್ಸ್ (ಕಾಲಿನ ರಕ್ತನಾಳ ಉಬ್ಬಿಕೊಳ್ಳುವ ತೊಂದರೆ) ಇರುವವರ ಕೈಗೆ ಕೊಡಲು ಒಂದು ಹಾಳೆ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಪೆನ್ನು ನಿಂತಿದೆ. ವೇನ್, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ, ಅದಕ್ಕೆ ಯಾವ ಪದ ಹಾಕಲಿ?

ನಮ್ಮಲ್ಲಿಗೆ ಬರುವವರು ಹೇಳುವುದು ಒಂದೇ ಮಾತು: “ಕಾಲಾಗಿನ ನರ ಉಬ್ಬ್ಯಾವ್ರಿ.” ಉರ್ದು ಮಾತಾಡುವವರು ‘ನಸ್’ ಅನ್ನುತ್ತಾರೆ, ಅದಕ್ಕೂ ರಕ್ತನಾಳ, ನರ್ವ್ (ಮಿದುಳಿನ ಸಂದೇಶ ಒಯ್ಯುವ ನರ) ಅಂತ ಎರಡೂ ಅರ್ಥ ಇವೆ. ತಪ್ಪು ಅನ್ನಲಾರೆ. ಸಿಟ್ಟು ಬಂದಾಗ ಹಣೆಯ ಮೇಲೆ ಉಬ್ಬುವ ನರ ರಕ್ತದ್ದೇ, ನರದೌರ್ಬಲ್ಯದ ನರ ಬೇರೆ. ತಮಿಳಿನ ನರಂಬು ಇದರ ನಂಟ. ಅಲ್ಲಿ ವಾದ್ಯದ ತಂತಿಗೂ ಅದೇ ಹೆಸರು. ಹುರಿಯ ಹಾಗೆ ಕಂಡದ್ದೆಲ್ಲ ನಮ್ಮ ಹಿರಿಯರಿಗೆ ನರ.

ಆದರೆ ಇದೇ ಪದ ನಮ್ಮ ದೊಡ್ಡವ್ವನಿಗೆ ತೊಂದರೆ ಮಾಡಿತು. ದಿನವಿಡೀ ನಿಂತು ರೊಟ್ಟಿ ಬಡಿದು ಮಾರುತ್ತಿದ್ದರು. ಕಾಲು ಭಾರ, ರಾತ್ರಿ ಸೆಳೆತ. ಯಾರೋ ‘ನರದ ತ್ರಾಸು’ ಅಂದರು. ಒಂದು ವರ್ಷ ನರದ ಗುಳಿಗೆ ನುಂಗಿದರು. ಅಷ್ಟರಲ್ಲಿ ಒಳಹರಡಿನ (ಪಾದದ ಕೀಲಿನ ಒಳಬದಿಯ) ಗಂಟಿನ ಮೇಲಿನ ಚರ್ಮ ಕಪ್ಪಾಗಿ, ತುರಿಸಿ, ಒಡೆದು ಹುಣ್ಣಾಯಿತು. ಆ ಜಾಗದ ಹುಣ್ಣು ಬೇಗ ಮಾಯುವುದಿಲ್ಲ. ನಾನೇ ಎಷ್ಟು ತಿಂಗಳು ಅದಕ್ಕೆ ಪಟ್ಟಿ ಕಟ್ಟಿದ್ದೇನೆ.

ಬೈಪಾಸ್ ಆಪರೇಷನ್‌ನಲ್ಲೂ ಹೀಗೇ. ಹೃದಯಕ್ಕೆ ಹೊಲಿಯಲು ಕಾಲಿನ ವೇನ್ ತೆಗೆಯುತ್ತಾರೆ. “ನರ ತೆಗೆದ್ರ ಕಾಲು ಸ್ವಾಧೀನ ಹೋಗ್ತದೇನ್ರಿ?” ಅಂತ ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ, ಆಳದಲ್ಲಿರುವ ನಾಳಗಳು ರಕ್ತವನ್ನು ಮೇಲಕ್ಕೆ ಒಯ್ಯುತ್ತವೆ. ಆದರೆ ಆ ವೇನಿಗೆ ಅಂಟಿಕೊಂಡೇ ಒಂದು ನಿಜವಾದ ನರ ಇಳಿಯುತ್ತದೆ. ಅದಕ್ಕೆ ಪೆಟ್ಟಾದರೆ ಕಾಲಿನ ಒಳಬದಿ ಜೋಮು ಹಿಡಿದಂತೆ ಇರುತ್ತದೆ. ಇದನ್ನು ಬರೆಯಲು ಹೋದರೆ ‘ನರ ತೆಗೆಯುವಾಗ ಪಕ್ಕದ ನರಕ್ಕೆ ಪೆಟ್ಟು’ ಅಂತಾಗುತ್ತದೆ. ಓದಿದವರಿಗೆ ಏನು ತಿಳಿಯಬೇಕು?

ಪಠ್ಯಪುಸ್ತಕದ ‘ಅಭಿಧಮನಿ’ ಇದೆ. ‘ಅಪಧಮನಿ’ಯ (ಹೃದಯದಿಂದ ರಕ್ತ ಒಯ್ಯುವ ನಾಳ) ಪಕ್ಕ ಇಟ್ಟರೆ ಓದಿದವರೇ ತಡವರಿಸುತ್ತಾರೆ. ‘ಸಿರೆ’ ಚಿಕ್ಕದು, ಚೆಂದ. ವಾರ್ಡಿನಲ್ಲಿ ಹೇಳಿ ನೋಡಿದೆ, ಸೀರೆ ಅಂತ ಕೇಳಿಸಿತು. ‘ರಕ್ತನಾಳ’ ಎಲ್ಲರಿಗೂ ಗೊತ್ತು, ಸದ್ಯಕ್ಕೆ ‘ಚರ್ಮದಡಿಯ ರಕ್ತನಾಳ’ ಅಂತ ಬರೆದಿದ್ದೇನೆ.

ಅಂಥ ದೊಡ್ಡವು ಕಾಲಿನಲ್ಲಿ ಎರಡು. ಒಂದು ಒಳಹರಡಿನ ಗಂಟಿನ ಮುಂದೆ ಹಾದು, ತೊಡೆಯ ಒಳಬದಿಯಲ್ಲಿ ಏರಿ, ತೊಡೆಸಂದಿನಲ್ಲಿ ಆಳದ ನಾಳಕ್ಕೆ ಸೇರುತ್ತದೆ. ಮೈಯಲ್ಲಿ ಇದಕ್ಕಿಂತ ಉದ್ದದ ವೇನ್ ಇಲ್ಲ. ಇನ್ನೊಂದು ಹೊರಹರಡಿನ ಗಂಟಿನ ಹಿಂದಿನಿಂದ ಮೀನಖಂಡದ ನಡುವೆ ಏರುತ್ತದೆ, ಸಾಮಾನ್ಯವಾಗಿ ಮೊಣಕಾಲಿನ ಹಿಂದೆ ಒಳಗಿಳಿಯುತ್ತದೆ. ಎರಡಕ್ಕೂ ಸಫೀನಸ್ ಅಂತ ಹೆಸರು. ಗ್ರೀಕಿನ ‘ಸ್ಪಷ್ಟವಾಗಿ ಕಾಣುವ’ ಅನ್ನುವ ಪದದಿಂದ ಬಂತು ಅಂತ ಕೆಲವರು, ಅರಬ್ಬಿಯ ‘ಅಡಗಿದ’ ಅನ್ನುವ ಪದದಿಂದ ಅಂತ ಕೆಲವರು. ಹರಡಿನ ಹತ್ತಿರ ಕಾಣುತ್ತದೆ, ತೊಡೆಯಲ್ಲಿ ಅಡಗುತ್ತದೆ. ಎರಡೂ ಒಪ್ಪುತ್ತವೆ ಅಲ್ವಾ!

ಇವುಗಳ ಒಳಗಿನ ‘ಕವಾಟ’ವನ್ನು ವಿವರಿಸಲು ತಿಣುಕುತ್ತಿದ್ದೆ. ರಕ್ತ ಮೇಲೇರಬೇಕು, ಕೆಳಗೆ ಬೀಳಬಾರದು, ಕವಾಟ ಕೆಟ್ಟರೆ ಬೀಳುತ್ತದೆ, ನಡೆದಾಗ ಮೀನಖಂಡ ಹಿಂಡಿ ಮೇಲಕ್ಕೆ ದೂಡುತ್ತದೆ ಅಂತ ಹೇಳುತ್ತಿದ್ದೆ. ಆಳಂದ ಕಡೆಯ ರೈತರೊಬ್ಬರು ಮಂಚದ ಮೇಲೆ ಎದ್ದು ಕೂತರು. “ಅಂದ್ರ ಫುಟ್‌ವಾಲ್ವ್ ಹೋದಂಗ ಆತಲ್ರಿ ಸಿಸ್ಟರ್. ಪೈಪಿನಾಗ ನೀರು ನಿಲ್ಲಂಗಿಲ್ಲ, ವಾಪಸ್ ಬಾವ್ಯಾಗ ಬೀಳ್ತದ.” ಅಷ್ಟೇ! ಕವಾಟ ಹೊಡೆದುಹಾಕಿ ಫುಟ್‌ವಾಲ್ವ್ ಅಂತಲೇ ಬರೆದೆ.

ಈಗ ನಿಮ್ಮಲ್ಲಿ ಕೇಳುವುದು ಎರಡು. ವೇನ್ ಒಂದಕ್ಕೇ ಹೊಂದುವ ಆಡುಪದ ನಿಮ್ಮ ಕಡೆ ಬಳಕೆಯಲ್ಲಿದೆಯಾ? ಚರ್ಮದಡಿಯ ನಾಳದಿಂದ ಆಳದ ನಾಳಕ್ಕೆ ತೂರಿಹೋಗುವ ಸಣ್ಣ ನಾಳಗಳಿಗೆ ‘ತೂರುನಾಳ’ ಅಂದರೆ ಸರಿ ಕೇಳುತ್ತದಾ, ‘ಕೂಡುನಾಳ’ ಮೇಲಾ? ಬೀದರ್, ಯಾದಗಿರಿ ಕಡೆಯವರು ಮನೆಯ ಹಿರಿಯರನ್ನು ಕೇಳಿ, ಅವರು ಅಂದದ್ದನ್ನು ಅಂದ ಹಾಗೇ ಬರೆದು ಕಳಿಸಿ.