ಸಹಾಯ ಬೇಕು: ಬ್ರಹ್ಮಾವರದ ಸುತ್ತಲಿನ ದನದ ಹಟ್ಟಿಗಳ ದಾರಿ ಬಲ್ಲವರು

ದನಗಳಿಗೆ ಬರುವ ಚರ್ಮಗಂಟು ರೋಗದ ಸಮೀಕ್ಷಾ ತಂಡಗಳ ಹೊಣೆ ನನ್ನ ಮೇಲಿದೆ. ಗಂಟು, ಜ್ವರ, ಕಾಲಿನ ಬಾವು ಗುರುತಿಸಲು ತಂಡದವರಿಗೆ ಬರುತ್ತದೆ; ಗೊತ್ತಿಲ್ಲದಿರುವುದು ದಾರಿ. ನಕ್ಷೆಯ ರಸ್ತೆ ಗದ್ದೆಯ ಅಂಚಿನಲ್ಲೇ ಮುಗಿಯುತ್ತದೆ. ಡೈರಿಗೆ ಹಾಲು ಹಾಕುವವರ ಪಟ್ಟಿಯೇನೋ ಸಿಕ್ಕಿದೆ, ಆದರೆ ಮನೆಬಳಕೆಗೆಂದು ಒಂದೇ ದನ ಕಟ್ಟಿಕೊಂಡವರು ಅದರಲ್ಲಿಲ್ಲ. ಅಂಥ ಹಟ್ಟಿಗಳೇ ತಪ್ಪಿಹೋಗುತ್ತಿವೆ.

ಊರು ಬಲ್ಲ ಯಾರಾದರೂ, ಪಶು ಸಖಿಯರಾದರೆ (ಊರಿನಲ್ಲೇ ದನಕರುಗಳ ಆರೈಕೆಗೆ ನೆರವಾಗುವ, ತರಬೇತಿ ಪಡೆದ ಮಹಿಳೆಯರು) ಇನ್ನೂ ಒಳ್ಳೆಯದು, ಬೆಳಗಿನ ಹಾಲು ಹಾಕಿದ ಮೇಲೆ ಜೊತೆಗೆ ಬರಬಹುದೇ? ಮನೆಯಲ್ಲಿ ರೋಗದ ದನವಿದ್ದರೆ ದಯವಿಟ್ಟು ಬರಬೇಡಿ, ಫೋನಿನಲ್ಲಿ ದಾರಿ ಹೇಳಿದರೆ ಸಾಕು. ಈ ರೋಗ ಮನುಷ್ಯರಿಗೆ ಹರಡುವುದಿಲ್ಲ. ದನದಿಂದ ದನಕ್ಕೆ ನೊಣ, ಸೊಳ್ಳೆ, ಉಣ್ಣೆ ಹೊತ್ತೊಯ್ಯುತ್ತವೆ. ಲಕ್ಷಣ ಕಾಣಲು 28 ದಿನವೂ ಹಿಡಿಯಬಹುದಾದ್ದರಿಂದ ನೋಡಿದ ಹಟ್ಟಿಗೇ ಮತ್ತೆ ಹೋಗಬೇಕಾಗುತ್ತದೆ. ಬೇಸರಿಸಬೇಡಿ.

ಲೆಕ್ಕ ಕೊಟ್ಟರೆ ದನ ಕೊಂಡೊಯ್ಯುತ್ತಾರೆ ಎಂದು ಯಾರು ಹಬ್ಬಿಸಿದರೋ! ಅದು ಶುದ್ಧ ಸುಳ್ಳು. ಬರುವವರು ನಿಮ್ಮ ಊರಿನ ಹೆಸರನ್ನು ಕೆಳಗೆ ಬರೆಯಿರಿ.